ಶ್ರವಣ ಸಾಧನಗಳ ಆರೈಕೆ ಮತ್ತು ನಿರ್ವಹಣೆ: ಶಿಬಿರದ ನಂತರ ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪಾಠದ ಹಿನ್ನೆಲೆ ಮತ್ತು ಉದ್ದೇಶ

ಶ್ರವಣದೋಷವುಳ್ಳವರನ್ನು ಗುರುತಿಸಿ, ತಪಾಸಣಾ ಶಿಬಿರಕ್ಕೆ ಕರೆತಂದು, ಶ್ರವಣ ಸಾಧನ ಕೊಡಿಸುವ ಕಾರ್ಯದಲ್ಲಿ ಗ್ರಾಮ ಪಂಚಾಯಿತಿಗಳ ಸದಸ್ಯರು ಆಸಕ್ತಿಯಿಂದ ಪಾಲ್ಗೊಳ್ಳುತ್ತಾರೆ. ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಡಿ ಅಂಗವಿಕಲರಿಗೆ, 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ 60 ವರ್ಷ ಮೀರಿದ ಬಡ ಹಿರಿಯ ನಾಗರಿಕರಿಗೆ ಈ ಸಾಧನಗಳು ಉಚಿತವಾಗಿ ದೊರೆಯುತ್ತಿವೆ. ಕಾನ್ಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಲಿಂಕೋ ಸಂಸ್ಥೆಯ ಮೂಲಕ ಇವು ಶಿಬಿರಗಳಿಗೆ ಬರುತ್ತವೆ.

ಸಾಧನ ವಿತರಣೆಯಾದ ದಿನ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೆಲವು ತಿಂಗಳ ನಂತರ ಅದೇ ಮನೆಗೆ ಹೋಗಿ ವಿಚಾರಿಸಿದರೆ, ಅನೇಕ ಕಡೆ ಸಾಧನವು ಪೆಟ್ಟಿಗೆಯೊಳಗೋ ದೇವರ ಗೂಡಿನಲ್ಲೋ ಇರುತ್ತದೆ. "ಮಷಿನ್ ಕೆಟ್ಟುಹೋಗಿದೆ" ಎಂಬುದು ಸಾಮಾನ್ಯ ಉತ್ತರ. ತೆರೆದು ನೋಡಿದಾಗ ಬಹಳಷ್ಟು ಸಂದರ್ಭಗಳಲ್ಲಿ ಯಂತ್ರ ಕೆಟ್ಟಿರುವುದಿಲ್ಲ. ಬ್ಯಾಟರಿ ಮುಗಿದಿರುತ್ತದೆ, ನಳಿಕೆಯಲ್ಲಿ ಕಿವಿಯ ಗುಗ್ಗೆ ಕಟ್ಟಿಕೊಂಡಿರುತ್ತದೆ ಅಥವಾ ಒಳಗೆ ತೇವ ಸೇರಿರುತ್ತದೆ.

ಇದರ ಪರಿಣಾಮ ಸಣ್ಣದಲ್ಲ. ಎಡಿಪ್ ಯೋಜನೆಯ ಮಾರ್ಗಸೂಚಿಯಂತೆ ಒಮ್ಮೆ ಸೌಲಭ್ಯ ಪಡೆದವರು ಅದೇ ಉದ್ದೇಶಕ್ಕೆ ಮತ್ತೆ ಸೌಲಭ್ಯ ಪಡೆಯಲು ಸಾಮಾನ್ಯವಾಗಿ 3 ವರ್ಷ ಕಾಯಬೇಕು. 12 ವರ್ಷದೊಳಗಿನ ಮಕ್ಕಳಿಗೆ ಈ ಅವಧಿ 1 ವರ್ಷ. ಆರೈಕೆಯಿಲ್ಲದೆ ಸಾಧನ ಮೂಲೆ ಸೇರಿದರೆ ಆ ವ್ಯಕ್ತಿಗೆ ಕೇಳಿಸುವುದೂ ಇಲ್ಲ, ದಾಖಲೆಯಲ್ಲಿ ಸೌಲಭ್ಯ ಪಡೆದವರೆಂದು ಇರುವುದರಿಂದ ಬೇಗನೆ ಇನ್ನೊಂದು ಸಿಗುವುದೂ ಇಲ್ಲ.

ಆದುದರಿಂದ ಪಂಚಾಯಿತಿಯ ಹೊಣೆ ಶಿಬಿರದ ದಿನಕ್ಕೆ ಮುಗಿಯದೆ ಅದರ ಮರುದಿನದಿಂದ ಆರಂಭವಾಗುತ್ತದೆ. ಸಾಧನದ ಆರೈಕೆಯ ಮೂಲ ವಿಷಯಗಳನ್ನು ಸದಸ್ಯರಿಗೆ ತಿಳಿಸುವುದು, ಆ ಆರೈಕೆ ಊರಿನಲ್ಲಿ ನಿಲ್ಲದೆ ನಡೆಯಲು ಬೇಕಾದ ವ್ಯವಸ್ಥೆಯನ್ನು ಸೂಚಿಸುವುದು ಈ ಪಾಠದ ಉದ್ದೇಶ.

2. ಸಾಧನವು ಕೆಲಸ ಮಾಡುವ ಬಗೆ

ಶ್ರವಣ ಸಾಧನ ಸಣ್ಣದಾದರೂ ಅದರ ರಚನೆ ಸರಳ. ಹೊರಗಿನ ಶಬ್ದವನ್ನು ಮೈಕ್ರೊಫೋನ್ ಹಿಡಿಯುತ್ತದೆ. ಒಳಗಿನ ವಿದ್ಯುನ್ಮಾನ ಭಾಗವು ಆ ಶಬ್ದವನ್ನು ಆಯಾ ವ್ಯಕ್ತಿಯ ಶ್ರವಣದೋಷಕ್ಕೆ ತಕ್ಕಂತೆ ಹೆಚ್ಚಿಸುತ್ತದೆ. ರಿಸೀವರ್ ಎಂಬ ಪುಟ್ಟ ಧ್ವನಿವರ್ಧಕವು ಹೆಚ್ಚಿದ ಶಬ್ದವನ್ನು ಹೊರಬಿಡುತ್ತದೆ. ಆ ಶಬ್ದ ಪಾರದರ್ಶಕ ನಳಿಕೆಯ ಮೂಲಕ ಕಿವಿ ಅಚ್ಚಿಗೆ, ಅಲ್ಲಿಂದ ಕಿವಿಯೊಳಕ್ಕೆ ಹೋಗುತ್ತದೆ. ಇಷ್ಟಕ್ಕೂ ಬೇಕಾದ ಶಕ್ತಿ ಬ್ಯಾಟರಿಯಿಂದ ಬರುತ್ತದೆ.

ಶಿಬಿರಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ಕಿವಿಯ ಹಿಂದೆ ಬಾಳೆಕಾಯಿಯ ಆಕಾರದಲ್ಲಿ ಕೂರುವ ಸಾಧನ ಮೊದಲನೆಯದು. ಜೇಬಿನಲ್ಲಿಟ್ಟು ತಂತಿಯ ಮೂಲಕ ಕಿವಿಗೆ ಜೋಡಿಸುವ ಹಳೆಯ ಮಾದರಿ ಎರಡನೆಯದು. ಜೇಬಿನ ಸಾಧನದಲ್ಲಿ ಸಾಮಾನ್ಯ ಪೆನ್ಸಿಲ್ ಸೆಲ್ ಬಳಕೆಯಾಗುತ್ತದೆ. ಕಿವಿಯ ಹಿಂದಿನ ಸಾಧನದಲ್ಲಿ ಗುಂಡಿಯಾಕಾರದ ವಿಶೇಷ ಬ್ಯಾಟರಿ ಇರುತ್ತದೆ. ಕೆಲವು ಹೊಸ ಮಾದರಿಗಳನ್ನು ಮೊಬೈಲಿನಂತೆ ಚಾರ್ಜ್ ಮಾಡಬಹುದು.

ಈ ಸರಪಳಿಯ ಪ್ರತಿಯೊಂದು ಕೊಂಡಿಗೂ ಅದರದೇ ಶತ್ರುವಿದೆ. ಮೈಕ್ರೊಫೋನಿಗೆ ಧೂಳು ಮತ್ತು ಪೌಡರ್, ವಿದ್ಯುನ್ಮಾನ ಭಾಗಕ್ಕೆ ತೇವ ಮತ್ತು ಬೆವರು, ನಳಿಕೆಗೆ ಗುಗ್ಗೆ ಮತ್ತು ನೀರಿನ ಹನಿ, ಅಚ್ಚಿಗೆ ಸಡಿಲತನ, ಬ್ಯಾಟರಿಗೆ ಕಾಲಾವಧಿ. ಒಂದು ಕೊಂಡಿ ನಿಂತರೂ ಇಡೀ ಸಾಧನ ಮೌನವಾಗುತ್ತದೆ. ಯಾವ ಕೊಂಡಿ ನಿಂತಿದೆ ಎಂದು ಕ್ರಮವಾಗಿ ನೋಡಿದರೆ ಬಹುತೇಕ ತೊಂದರೆಗಳನ್ನು ಮನೆಯಲ್ಲೇ ಸರಿಪಡಿಸಬಹುದು.

3. ಬ್ಯಾಟರಿ

ಗುಂಡಿ ಬ್ಯಾಟರಿಗಳು ಸತು-ಗಾಳಿ ಬಗೆಯವು. ಇವು ಗಾಳಿಯಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ವಿದ್ಯುತ್ ಉತ್ಪಾದಿಸುತ್ತವೆ. ಬ್ಯಾಟರಿಯ ಚಪ್ಪಟೆ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿದ್ದು, ಅವುಗಳ ಮೇಲೆ ಬಣ್ಣದ ಅಂಟುಚೀಟಿ ಇರುತ್ತದೆ. ಚೀಟಿ ತೆಗೆದ ಕೂಡಲೇ ಗಾಳಿ ಒಳಹೊಕ್ಕು ಬ್ಯಾಟರಿ ಜೀವ ಪಡೆಯುತ್ತದೆ. ಆ ಬಳಿಕ ಬಳಸಿದರೂ ಬಳಸದಿದ್ದರೂ ಅದು ಸವೆಯುತ್ತಲೇ ಹೋಗುತ್ತದೆ. ಚೀಟಿಯನ್ನು ಮತ್ತೆ ಅಂಟಿಸಿದರೆ ಪ್ರಯೋಜನವಿಲ್ಲ.

ಇದರಿಂದ ಕೆಲವು ನಿಯಮಗಳು ಹುಟ್ಟುತ್ತವೆ.

ಅ) ಹಾಕುವ ಸಮಯಕ್ಕೆ ಮಾತ್ರ ಚೀಟಿ ತೆಗೆಯಬೇಕು. ತೆಗೆದ ಮೇಲೆ ಒಂದರಿಂದ ಐದು ನಿಮಿಷ ಹಾಗೆಯೇ ಗಾಳಿಗೆ ಬಿಟ್ಟು ನಂತರ ಸಾಧನದೊಳಗೆ ಹಾಕಬೇಕು. ಆತುರದಿಂದ ಹಾಕಿದರೆ ಹೊಸ ಬ್ಯಾಟರಿಯೂ ಸತ್ತಂತೆ ತೋರುತ್ತದೆ.

ಆ) ಬ್ಯಾಟರಿಯ ಕೂಡು ಚಿಹ್ನೆ ಮತ್ತು ಬಾಗಿಲಿನ ಕೂಡು ಚಿಹ್ನೆ ಒಂದೇ ಕಡೆ ಇರಬೇಕು. ಬಾಗಿಲು ಮುಚ್ಚಿಕೊಳ್ಳದಿದ್ದರೆ ಬ್ಯಾಟರಿ ತಿರುಗುಮುರುಗಾಗಿದೆ ಎಂದರ್ಥ. ಒತ್ತಿ ಮುಚ್ಚಿದರೆ ಬಾಗಿಲೇ ಮುರಿಯುತ್ತದೆ.

ಇ) ರಾತ್ರಿ ಸಾಧನ ತೆಗೆದಾಗ ಬ್ಯಾಟರಿಯ ಬಾಗಿಲನ್ನು ತೆರೆದಿಡಬೇಕು. ಆಗ ಸಾಧನ ಆರಿಹೋಗಿ ವಿದ್ಯುತ್ ಉಳಿಯುತ್ತದೆ, ಒಳಗಿನ ತೇವವೂ ಆರುತ್ತದೆ.

ಈ) ಬ್ಯಾಟರಿಗಳನ್ನು ಫ್ರಿಜ್ಜಿನಲ್ಲಿ, ಒಲೆಯ ಬಳಿ ಅಥವಾ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು. ನಾಣ್ಯ, ಬೀಗದ ಕೈಗಳ ಜತೆ ಜೇಬಿನಲ್ಲೂ ಇಡಬಾರದು.

ಉ) ಬಳಸಿ ಮುಗಿದ ಬ್ಯಾಟರಿಯನ್ನು ಸಾಧನದೊಳಗೇ ಬಿಡಬಾರದು. ಅದು ಸೋರಿದರೆ ಒಳಗಿನ ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ.

ಬ್ಯಾಟರಿಗಳ ಗಾತ್ರವನ್ನು ಬಣ್ಣದಿಂದ ಗುರುತಿಸಬಹುದು. 10ನೇ ಸಂಖ್ಯೆಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಕಿವಿಯ ಹಿಂದೆ ಕೂರುವ ಸಾಧನಗಳಲ್ಲಿ ಹೆಚ್ಚಾಗಿ 13 ಅಥವಾ 675 ಬೇಕಾಗುತ್ತದೆ. ಓದು ಬಾರದವರು ಸಹ ಹಳೆಯ ಚೀಟಿಯ ಬಣ್ಣ ತೋರಿಸಿ ಸರಿಯಾದುದನ್ನು ಕೇಳಿ ಪಡೆಯಬಹುದು.

ಇಲ್ಲೊಂದು ಸರಳ ಲೆಕ್ಕ ಸದಸ್ಯರ ಗಮನದಲ್ಲಿರಬೇಕು. 13ನೇ ಸಂಖ್ಯೆಯ ಬ್ಯಾಟರಿ ದಿನವಿಡೀ ಬಳಸಿದರೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬಾಳುತ್ತದೆ. ಸರಾಸರಿ 10 ದಿನ ಎಂದು ಹಿಡಿದರೆ ಒಂದು ಸಾಧನಕ್ಕೆ ವರ್ಷಕ್ಕೆ ಸುಮಾರು 37 ಬ್ಯಾಟರಿ ಬೇಕು. ಎರಡೂ ಕಿವಿಗೆ ಸಾಧನವಿದ್ದರೆ 74. ಶಿಬಿರದಲ್ಲಿ 6 ಬ್ಯಾಟರಿಯ ಒಂದು ಪಟ್ಟಿ ಕೈಗೆ ಬಂದರೆ ಒಂದು ಸಾಧನಕ್ಕೆ ಅದು ಎರಡು ತಿಂಗಳು ಮಾತ್ರ ಸಾಕಾಗುತ್ತದೆ. ಮುಂದಿನ ಹತ್ತು ತಿಂಗಳ ಬ್ಯಾಟರಿ ಎಲ್ಲಿಂದ ಬರಬೇಕು ಎಂಬುದನ್ನು ಯಾರೂ ಮೊದಲೇ ಯೋಚಿಸಿರುವುದಿಲ್ಲ. ಹಳ್ಳಿಯ ಅಂಗಡಿಯಲ್ಲಿ ಈ ಬ್ಯಾಟರಿ ಸಿಗುವುದಿಲ್ಲ. ವೃದ್ಧರೊಬ್ಬರು ಒಂದು ಪಟ್ಟಿಗಾಗಿ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಬರುವುದು ಕಷ್ಟ. ಹೀಗಾಗಿ ಸಾಧನ ಪೆಟ್ಟಿಗೆ ಸೇರುತ್ತದೆ.

ಎಚ್ಚರಿಕೆ: ಗುಂಡಿ ಬ್ಯಾಟರಿಯನ್ನು ಮಕ್ಕಳು ನುಂಗಿದರೆ ಅಥವಾ ಮೂಗು, ಕಿವಿಯೊಳಗೆ ತುರುಕಿಕೊಂಡರೆ ಒಳಗಿನ ಅಂಗಾಂಶ ಸುಟ್ಟುಹೋಗುವ ಅಪಾಯವಿದೆ. ಅಂತಹ ಸಂದರ್ಭದಲ್ಲಿ ವಾಂತಿ ಮಾಡಿಸಲು ಯತ್ನಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಬ್ಯಾಟರಿಗಳನ್ನು ಮಕ್ಕಳ ಕೈಗೆ ಎಟುಕದ ಮುಚ್ಚಳದ ಡಬ್ಬಿಯಲ್ಲಿಡುವಂತೆ ಪ್ರತಿ ಮನೆಗೂ ಹೇಳಬೇಕು.

4. ತೇವ, ಬೆವರು ಮತ್ತು ಧೂಳು

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ತೇವ, ಬಯಲುಸೀಮೆಯಲ್ಲಿ ಬೇಸಿಗೆಯ ಬೆವರು ಮತ್ತು ಧೂಳು ಸಾಧನವನ್ನು ಕೆಡಿಸುತ್ತವೆ. ಹೊಲದಲ್ಲಿ ಕೆಲಸ ಮಾಡುವವರ ಕಿವಿಯ ಹಿಂಭಾಗದಿಂದ ಹರಿಯುವ ಬೆವರು ನೇರವಾಗಿ ಸಾಧನದ ಮೇಲೆಯೇ ಇಳಿಯುತ್ತದೆ.

ಸ್ನಾನಕ್ಕೆ, ಎಣ್ಣೆ ಹಚ್ಚಿಕೊಳ್ಳುವಾಗ, ಕೆರೆ ಅಥವಾ ಹೊಳೆಗೆ ಇಳಿಯುವಾಗ, ಬೆಳೆಗೆ ಔಷಧಿ ಸಿಂಪಡಿಸುವಾಗ ಸಾಧನವನ್ನು ತೆಗೆದಿಡಬೇಕು. ತಲೆಗೆ ಎಣ್ಣೆ, ಮುಖಕ್ಕೆ ಪೌಡರ್ ಹಚ್ಚಿ ಕೈ ಒರೆಸಿಕೊಂಡ ನಂತರವೇ ಸಾಧನ ಹಾಕಿಕೊಳ್ಳಬೇಕು. ಮಳೆಯಲ್ಲಿ ಹೊರಡುವಾಗ ಸಾಧನವನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಒಯ್ಯುವುದು ಲೇಸು.

ಪ್ರತಿ ರಾತ್ರಿ ಮೆತ್ತನೆಯ ಒಣಬಟ್ಟೆಯಿಂದ ಸಾಧನವನ್ನು ಒರೆಸಿ, ಬ್ಯಾಟರಿಯನ್ನು ಹೊರತೆಗೆದು, ತೇವ ಹೀರುವ ಸಿಲಿಕಾ ಹರಳುಗಳಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಾಧನವನ್ನು ಇಡಬೇಕು. ಬ್ಯಾಟರಿಯನ್ನು ಆ ಡಬ್ಬಿಯೊಳಗೆ ಇಡಬಾರದು. ಹರಳುಗಳು ಬ್ಯಾಟರಿಯ ಒಳಗಿನ ತೇವವನ್ನೂ ಹೀರುತ್ತವೆ. ಬಣ್ಣದ ಹರಳುಗಳು ಬಣ್ಣ ಬದಲಿಸಿದರೆ ಅವು ತೇವದಿಂದ ತುಂಬಿವೆ ಎಂದು ತಿಳಿದು, ಪೊಟ್ಟಣದ ಮೇಲಿನ ಸೂಚನೆಯಂತೆ ಅವುಗಳನ್ನು ಒಣಗಿಸಬೇಕು ಅಥವಾ ಬದಲಿಸಬೇಕು. ಸಾಧನವನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ರೂಢಿ ಕೆಲವೆಡೆ ಇದೆ. ಅಕ್ಕಿಯ ಹಿಟ್ಟು ಮೈಕ್ರೊಫೋನಿನ ರಂಧ್ರಕ್ಕೆ ಸೇರುವುದರಿಂದ ಅದನ್ನು ಕೈಬಿಡಬೇಕು.

ಸಾಧನ ನೀರಿಗೆ ಬಿದ್ದರೆ ಕೂಡಲೇ ಬ್ಯಾಟರಿ ತೆಗೆದು, ಒರೆಸಿ, ಬಾಗಿಲು ತೆರೆದು ಒಂದು ರಾತ್ರಿ ಒಣಡಬ್ಬಿಯಲ್ಲಿಡಬೇಕು. ಒಲೆಯ ಮುಂದೆ ಹಿಡಿಯುವುದು, ಬಿಸಿಲಿಗಿಡುವುದು, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದುವುದು ಸಲ್ಲದು.

5. ಕಿವಿ ಅಚ್ಚು, ನಳಿಕೆ ಮತ್ತು ಗುಗ್ಗೆ

ಕಿವಿ ಅಚ್ಚು ಪ್ರತಿಯೊಬ್ಬರ ಕಿವಿಯ ಅಳತೆ ತೆಗೆದು ಮಾಡಿದುದು. ಒಬ್ಬರದು ಇನ್ನೊಬ್ಬರಿಗೆ ಸರಿಹೊಂದುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳಲ್ಲಿ ಅಚ್ಚು ತಯಾರಿಸುವ ಪ್ರತ್ಯೇಕ ವಿಭಾಗವೇ ಇದೆ. ಅಚ್ಚಿನ ಬದಲು ಸಿದ್ಧ ರಬ್ಬರ್ ತುದಿಯನ್ನು ಮಾತ್ರ ಕೊಟ್ಟಿದ್ದರೆ, ಅದು ಸಡಿಲವಾಗಿದ್ದಲ್ಲಿ ಶ್ರವಣ ತಜ್ಞರ ಬಳಿ ಅಚ್ಚು ಮಾಡಿಸಿಕೊಡುವಂತೆ ಕೋರಬೇಕು.

ದಿನನಿತ್ಯ ಅಚ್ಚಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಗುಗ್ಗೆ ಕಂಡರೆ, ರಂಧ್ರ ಕೆಳಮುಖವಾಗಿರುವಂತೆ ಹಿಡಿದು ಒಣ ಸಣ್ಣ ಬ್ರಷ್ಷಿನಿಂದ ತೆಗೆಯಬೇಕು. ಹಾಗೆ ಹಿಡಿದರೆ ಕಸ ಒಳಗೆ ಹೋಗದೆ ಕೆಳಗೆ ಉದುರುತ್ತದೆ. ಸೂಜಿ, ಪಿನ್ನು, ಬೆಂಕಿಕಡ್ಡಿಗಳನ್ನು ಬಳಸಬಾರದು.

ವಾರಕ್ಕೊಮ್ಮೆ ಅಚ್ಚನ್ನು ತೊಳೆಯಬೇಕು. ಇದು ಕಿವಿಯ ಹಿಂದೆ ಕೂರುವ ಮತ್ತು ಜೇಬಿನ ಸಾಧನಗಳಿಗೆ ಮಾತ್ರ ಅನ್ವಯ. ಮೊದಲು ಅಚ್ಚು ಮತ್ತು ನಳಿಕೆಯನ್ನು ಸಾಧನದಿಂದ ಮೆಲ್ಲಗೆ ಬಿಡಿಸಬೇಕು. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಮೃದು ಸಾಬೂನು ಹಾಕಿ ಅಚ್ಚನ್ನು ಮಾತ್ರ ತೊಳೆಯಬೇಕು. ನಳಿಕೆಯೊಳಗೆ ಉಳಿದ ನೀರನ್ನು ಊದಿ ಹೊರಹಾಕಿ, ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಜೋಡಿಸಬೇಕು. ಒಂದು ಹನಿ ನೀರು ನಳಿಕೆಯಲ್ಲಿ ಉಳಿದರೂ ಶಬ್ದ ನಿಂತುಹೋಗುತ್ತದೆ. ಸ್ಪಿರಿಟ್, ಸ್ಯಾನಿಟೈಸರ್, ಸೀಮೆಎಣ್ಣೆ ತಾಗಿದರೆ ಅಚ್ಚು ಗಡುಸಾಗಿ ಬಿರುಕು ಬಿಡುತ್ತದೆ. ಯಂತ್ರದ ಭಾಗಕ್ಕೆ ಎಂದಿಗೂ ನೀರು ತಾಗಿಸಬಾರದು. ಕಿವಿಯೊಳಗೇ ಕೂರುವ ಸಣ್ಣ ಸಾಧನಗಳಲ್ಲಿ ಯಂತ್ರ ಒಳಗಿರುವುದರಿಂದ ಅವುಗಳನ್ನು ತೊಳೆಯುವಂತಿಲ್ಲ.

ನಳಿಕೆ ಹಳದಿಯಾಗಿ ಗಡುಸಾದರೆ ಅದನ್ನು ಬದಲಿಸಬೇಕು. ಕೆಲವು ತಿಂಗಳಿಗೊಮ್ಮೆ ಇದು ಸಹಜವಾಗಿಯೇ ಬೇಕಾಗುತ್ತದೆ, ವೆಚ್ಚವೂ ಅಲ್ಪ.

ಕಿವಿಯ ಆರೈಕೆಯೂ ಇದರೊಂದಿಗೆ ಸೇರಿದೆ. ಕಿವಿಗೆ ಬಿಸಿ ಎಣ್ಣೆ ಬಿಡುವ ರೂಢಿಯನ್ನು ಸಾಧನ ಬಳಸುವವರು ಸಂಪೂರ್ಣ ಬಿಡಬೇಕು. ಕಿವಿ ಸೋರುತ್ತಿದ್ದರೆ, ನೋವಿದ್ದರೆ ಅಥವಾ ಅಚ್ಚಿನಿಂದ ಹುಣ್ಣಾದರೆ ಆ ಕಿವಿಗೆ ಸಾಧನ ಹಾಕದೆ ವೈದ್ಯರಿಗೆ ತೋರಿಸಬೇಕು.

6. ತೊಂದರೆ ಪತ್ತೆ ಮಾಡುವ ಕ್ರಮ

ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯೊಬ್ಬರು ಮನೆಭೇಟಿಗೆ ಹೋದಾಗ ನಡೆಯುವ ಮಾತುಕತೆ ಹೀಗಿರಬಹುದು:

"ಅಜ್ಜಿ, ಮಷಿನ್ ಯಾಕೆ ಹಾಕ್ಕೊಂಡಿಲ್ಲ?"

"ಹಾಕ್ಕೊಂಡ್ರೆ ಬರೀ ಕುಂಯ್ ಅಂತದೆ ಕಣವ್ವ. ಸೊಸೇನೂ ಬೈತಾಳೆ. ಅದ್ಕೇ ಪೆಟ್ಟಿಗೇಲಿ ಇಟ್ಟಿವ್ನಿ."

ಇಲ್ಲಿ ಯಂತ್ರ ಕೆಟ್ಟಿಲ್ಲ. ಸಿಳ್ಳೆ ಬರುತ್ತಿದೆ ಎಂದರೆ ಬ್ಯಾಟರಿ, ಮೈಕ್ರೊಫೋನ್, ರಿಸೀವರ್ ಎಲ್ಲವೂ ಕೆಲಸ ಮಾಡುತ್ತಿವೆ ಎಂದೇ ಅರ್ಥ. ಕಿವಿಯೊಳಗೆ ಹೋಗಬೇಕಾದ ಶಬ್ದ ಸಂದಿಯಿಂದ ಹೊರಗೆ ಸೋರಿ ಮತ್ತೆ ಮೈಕ್ರೊಫೋನಿಗೆ ತಲುಪುತ್ತಿದೆ. ಅಚ್ಚು ಸರಿಯಾಗಿ ಕೂತಿಲ್ಲದಿರಬಹುದು, ಸಡಿಲವಾಗಿರಬಹುದು, ನಳಿಕೆ ಬಿರುಕು ಬಿಟ್ಟಿರಬಹುದು, ಕಿವಿಯಲ್ಲಿ ಗುಗ್ಗೆ ತುಂಬಿರಬಹುದು ಅಥವಾ ಧ್ವನಿಮಟ್ಟ ಅತಿಯಾಗಿರಬಹುದು. ಸೆರಗು, ಟವೆಲ್ಲು ಅಥವಾ ಮಫ್ಲರ್ ಕಿವಿಯನ್ನು ಮುಚ್ಚಿದಾಗಲೂ ಸಿಳ್ಳೆ ಬರುತ್ತದೆ. ಅಚ್ಚನ್ನು ತೆಗೆದು ಸರಿಯಾಗಿ ಕೂರಿಸುವುದು ಮೊದಲ ಹೆಜ್ಜೆ. ಅದರಿಂದ ಸರಿಹೋಗದಿದ್ದರೆ ಕಿವಿಯನ್ನು ವೈದ್ಯರಿಗೆ ತೋರಿಸಿ, ನಂತರ ಅಚ್ಚು ಬದಲಿಸುವುದು ಎರಡನೆಯದು.

ಶಬ್ದವೇ ಬಾರದಿದ್ದರೆ ಈ ಕ್ರಮದಲ್ಲಿ ನೋಡಬೇಕು:

(1) ಗುಂಡಿ ಚಾಲೂ ಸ್ಥಾನದಲ್ಲಿದೆಯೇ? ಕೆಲವು ಸಾಧನಗಳಲ್ಲಿ ಎಂ, ಟಿ, ಓ ಎಂಬ ಮೂರು ಸ್ಥಾನಗಳಿರುತ್ತವೆ. ಎಂ ಎಂದರೆ ಮಾತು ಕೇಳಲು, ಟಿ ಎಂದರೆ ದೂರವಾಣಿಗೆ, ಓ ಎಂದರೆ ಬಂದ್. ಗುಂಡಿ ತಿಳಿಯದೆ ಟಿ ಸ್ಥಾನಕ್ಕೆ ಸರಿದಿದ್ದರೆ ಎದುರಿಗಿದ್ದವರ ಮಾತು ಕೇಳಿಸದು.

(2) ಬ್ಯಾಟರಿ ಸರಿಯಾದ ದಿಕ್ಕಿನಲ್ಲಿದೆಯೇ? ಹೊಸ ಬ್ಯಾಟರಿ ಹಾಕಿ ನೋಡಬೇಕು.

(3) ಅಚ್ಚಿನ ರಂಧ್ರದಲ್ಲಿ ಗುಗ್ಗೆ, ನಳಿಕೆಯಲ್ಲಿ ನೀರಿನ ಹನಿ ಅಥವಾ ಮಡಿಕೆ ಇದೆಯೇ?

(4) ಅಚ್ಚನ್ನು ಬಿಡಿಸಿ, ಸಾಧನವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಾಗ ಸಿಳ್ಳೆ ಬರುತ್ತದೆಯೇ? ಬಂದರೆ ಯಂತ್ರ ಸರಿಯಿದೆ, ತೊಂದರೆ ಅಚ್ಚಿನಲ್ಲಿದೆ.

(5) ಜೇಬಿನ ಸಾಧನವಾದರೆ ತಂತಿಯನ್ನು ಅಲುಗಿಸಿದಾಗ ಶಬ್ದ ಬಂದು ಹೋಗುತ್ತದೆಯೇ? ಹಾಗಿದ್ದರೆ ತಂತಿ ಒಳಗೆ ತುಂಡಾಗಿದೆ. ತಂತಿ ಮಾತ್ರ ಬದಲಿಸಿದರೆ ಸಾಕು.

ಈ ಐದನ್ನೂ ನೋಡಿದ ನಂತರವೂ ಸರಿಹೋಗದಿದ್ದಲ್ಲಿ ಮಾತ್ರ ದುರಸ್ತಿಗೆ ಕಳುಹಿಸಬೇಕು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಬಾರದು. ಬಿಚ್ಚಿದ ಸಾಧನಕ್ಕೆ ಖಾತರಿ ಅನ್ವಯಿಸದೆ ಹೋಗಬಹುದು.

7. ಮಕ್ಕಳ ಸಾಧನ

ಮಗು ಮಾತು ಕಲಿಯುವುದು ಕೇಳಿಸಿಕೊಂಡೇ. ಸಾಧನ ಹದಿನೈದು ದಿನ ಮೌನವಾಗಿದ್ದರೆ ದೊಡ್ಡವರಿಗೆ ಅದು ಅನನುಕೂಲ. ಮೂರು ವರ್ಷದ ಮಗುವಿಗೆ ಭಾಷೆ ಕಲಿಯುವ ಹದಿನೈದು ದಿನಗಳ ನಷ್ಟ. ಸಾಧನ ಕೆಲಸ ಮಾಡುತ್ತಿಲ್ಲ ಎಂದು ಹೇಳಲು ಸಣ್ಣ ಮಗುವಿಗೆ ಬಾರದು. ಶಾಲೆಯಲ್ಲಿ ಅಂತಹ ಮಗುವನ್ನು ಗಮನವಿಲ್ಲದ ಮಗು, ದಡ್ಡ ಮಗು ಎಂದು ಭಾವಿಸುವ ಸಾಧ್ಯತೆಯಿದೆ.

ಆದ್ದರಿಂದ ಪ್ರತಿದಿನ ಬೆಳಿಗ್ಗೆ ತಾಯಿ, ಅಂಗನವಾಡಿ ಕಾರ್ಯಕರ್ತೆ ಅಥವಾ ಶಿಕ್ಷಕರು ಒಂದು ನಿಮಿಷದ ಪರೀಕ್ಷೆ ಮಾಡಬಹುದು. ಮಗುವಿನ ಹಿಂದೆ ಸುಮಾರು ಒಂದು ಮೀಟರ್ ದೂರದಲ್ಲಿ ನಿಂತು, ತುಟಿ ಕಾಣದಂತೆ, ಸಾಮಾನ್ಯ ದನಿಯಲ್ಲಿ ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ, ಕ್ರಮ ಬದಲಿಸುತ್ತ ಉಚ್ಚರಿಸಬೇಕು. ಕೇಳಿದಾಗ ಮಗು ಕೈ ಎತ್ತಬೇಕು ಅಥವಾ ಅದನ್ನೇ ಹೇಳಬೇಕು. ಲಿಂಗ್ ಅವರ ಆರು ಧ್ವನಿಗಳ ಪರೀಕ್ಷೆ ಎಂದು ಪ್ರಸಿದ್ಧವಾದ ಈ ಕ್ರಮವು ಮಾತಿನ ತಗ್ಗು ಧ್ವನಿಯಿಂದ ಹೆಚ್ಚು ಧ್ವನಿಯವರೆಗಿನ ವ್ಯಾಪ್ತಿಯನ್ನು ಒಳಗೊಂಡಿದೆ. ನಿನ್ನೆ ಕೇಳಿಸಿದ ಧ್ವನಿ ಇಂದು ಕೇಳಿಸದಿದ್ದರೆ ಸಾಧನವನ್ನೋ ಕಿವಿಯನ್ನೋ ಪರೀಕ್ಷಿಸಬೇಕು.

ಮಗುವಿನ ಕಿವಿ ಬೆಳೆಯುತ್ತದೆ, ಅಚ್ಚು ಬೆಳೆಯುವುದಿಲ್ಲ. ಹಸುಗೂಸುಗಳಿಗೆ ಕೆಲವೇ ತಿಂಗಳಿಗೊಮ್ಮೆ, ಶಾಲಾ ಮಕ್ಕಳಿಗೆ ಸುಮಾರು ವರ್ಷಕ್ಕೊಮ್ಮೆ ಹೊಸ ಅಚ್ಚು ಬೇಕಾಗುತ್ತದೆ. ಆಟದಲ್ಲಿ ಬಿದ್ದು ಕಳೆದುಹೋಗದಂತೆ ಸಾಧನಕ್ಕೆ ದಾರ ಕಟ್ಟಿ ಅಂಗಿಗೆ ಕ್ಲಿಪ್ ಹಾಕಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆ ಅಥವಾ ಅಂಗನವಾಡಿಗೆ ಬಂದಾಗ ಸಾಧನವಿರುವ ಮಕ್ಕಳನ್ನು ತಪ್ಪದೆ ಹಾಜರುಪಡಿಸಬೇಕು.

8. ಹಿರಿಯರ ವಿಷಯದಲ್ಲಿ ಗಮನಿಸಬೇಕಾದುದು

ಸಾಧನವು ಶ್ರವಣಶಕ್ತಿಯನ್ನು ಮೊದಲಿನಂತೆ ಮಾಡುವುದಿಲ್ಲ, ಶಬ್ದವನ್ನು ಹೆಚ್ಚಿಸುತ್ತದೆ. ವರ್ಷಗಟ್ಟಲೆ ನಿಶ್ಶಬ್ದಕ್ಕೆ ಹೊಂದಿಕೊಂಡವರಿಗೆ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಮೊದಮೊದಲು ಕಿರಿಕಿರಿಯೆನಿಸುತ್ತದೆ. ಮೊದಲ ದಿನಗಳಲ್ಲಿ ಶಾಂತವಾದ ಕೋಣೆಯಲ್ಲಿ, ಒಬ್ಬರೊಂದಿಗೆ ಮಾತನಾಡುವಾಗ, ದಿನಕ್ಕೆ ಒಂದೆರಡು ಗಂಟೆ ಹಾಕಿಕೊಂಡು ಕ್ರಮೇಣ ಅವಧಿ ಹೆಚ್ಚಿಸಬೇಕು. ಕೆಲವು ವಾರಗಳ ಅಭ್ಯಾಸ ಬೇಕೆಂದು ಮನೆಯವರಿಗೂ ತಿಳಿಸಬೇಕು.

ಕೈ ನಡುಗುವವರಿಗೆ, ದೃಷ್ಟಿ ಮಂದವಾದವರಿಗೆ ಬ್ಯಾಟರಿ ಬದಲಿಸುವುದು ಸಾಧ್ಯವಾಗುವುದಿಲ್ಲ. ಮೊಮ್ಮಕ್ಕಳು, ಸೊಸೆ ಅಥವಾ ನೆರೆಮನೆಯವರು ಒಬ್ಬರಾದರೂ ಈ ಕೆಲಸ ಕಲಿತಿರಬೇಕು. ಸಾಧನ ಹಾಕಿಕೊಂಡವರೊಡನೆ ಕೂಗಿ ಮಾತನಾಡುವ ಅಗತ್ಯವಿಲ್ಲ. ಬೆಳಕು ಮುಖದ ಮೇಲೆ ಬೀಳುವಂತೆ ಎದುರು ನಿಂತು, ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡಿದರೆ ಸಾಕು. ಗ್ರಾಮ ಸಭೆಯಲ್ಲಿ ಇಂತಹವರಿಗೆ ಮುಂದಿನ ಸಾಲಿನಲ್ಲಿ ಆಸನ ನೀಡಬೇಕು.

9. ಗ್ರಾಮ ಪಂಚಾಯಿತಿ ಕೈಗೊಳ್ಳಬೇಕಾದ ಕ್ರಮಗಳು

ಅ) ವಹಿ: ಪಂಚಾಯಿತಿ ವ್ಯಾಪ್ತಿಯಲ್ಲಿ ಶ್ರವಣ ಸಾಧನ ಪಡೆದ ಎಲ್ಲರ ವಹಿಯೊಂದನ್ನು ಇಡಬೇಕು. ಸಾಧನದ ಕ್ರಮಸಂಖ್ಯೆ, ಪಡೆದ ದಿನಾಂಕ, ಖಾತರಿ ಅವಧಿ, ಬ್ಯಾಟರಿಯ ಸಂಖ್ಯೆ ಮತ್ತು ಕೊನೆಯ ಭೇಟಿಯ ದಿನ ಸಾಧನ ಬಳಕೆಯಲ್ಲಿತ್ತೇ ಎಂಬ ಕಲಂ ಇರಬೇಕು. ಖಾತರಿ ಪತ್ರದ ನಕಲನ್ನು ಕಚೇರಿಯಲ್ಲಿಡುವುದು ಒಳ್ಳೆಯದು.

ಆ) ಮನೆಭೇಟಿ: ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಶಿಬಿರದ ನಂತರ ಒಂದು ವಾರದೊಳಗೆ, ಅನಂತರ ತಿಂಗಳಿಗೊಮ್ಮೆ ಭೇಟಿ ನೀಡಿ 6ನೇ ಭಾಗದ ಕ್ರಮದಂತೆ ಪರಿಶೀಲಿಸಬೇಕು. ತಮ್ಮಿಂದಾಗದ ಪ್ರಕರಣಗಳನ್ನು ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ಮೂಲಕ ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕು.

ಇ) ಬ್ಯಾಟರಿ ಪೂರೈಕೆ: ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಮೀಸಲಿರಿಸುವ ಶೇ. 5ರ ಮೊತ್ತದಲ್ಲಿ ಬ್ಯಾಟರಿ, ನಳಿಕೆ, ಒಣಡಬ್ಬಿಗಳ ಖರೀದಿಯನ್ನು ಜಾರಿಯಲ್ಲಿರುವ ಮಾರ್ಗಸೂಚಿಗಳಿಗೆ ಒಳಪಟ್ಟು ಪರಿಶೀಲಿಸಬಹುದು. ವಹಿಯಿಂದ ಯಾವ ಸಂಖ್ಯೆಯ ಬ್ಯಾಟರಿ ಎಷ್ಟು ಬೇಕೆಂದು ತಿಳಿಯುತ್ತದೆ. ಪಟ್ಟಿಯ ಮೇಲಿನ ಅವಧಿ ದಿನಾಂಕ ನೋಡಿ, ಮೂರು ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ಒಮ್ಮೆಗೆ ಕೊಳ್ಳುವುದು ವಿವೇಕ. ದಾಸ್ತಾನನ್ನು ಗ್ರಂಥಾಲಯ ಅಥವಾ ಪಂಚಾಯಿತಿ ಕಚೇರಿಯಲ್ಲಿಟ್ಟು ಸಹಿ ಪಡೆದು ವಿತರಿಸಬಹುದು.

ಈ) ಬಳಸಿದ ಬ್ಯಾಟರಿ: ಹೊಸ ಪಟ್ಟಿ ಕೊಡುವಾಗ ಹಳೆಯ ಬ್ಯಾಟರಿಗಳನ್ನು ಹಿಂಪಡೆಯಬೇಕು. ಇದರಿಂದ ಮಕ್ಕಳ ಕೈಗೆ ಸಿಗುವುದು ತಪ್ಪುತ್ತದೆ, ಸಾಧನ ನಿಜವಾಗಿಯೂ ಬಳಕೆಯಲ್ಲಿದೆ ಎಂಬುದೂ ಖಚಿತವಾಗುತ್ತದೆ. ಇವುಗಳನ್ನು ಹಸಿ ಕಸಕ್ಕೆ ಸೇರಿಸದೆ ಸ್ವಚ್ಛ ಸಂಕೀರ್ಣದಲ್ಲಿ ಪ್ರತ್ಯೇಕ ಡಬ್ಬಿಯಲ್ಲಿ ಸಂಗ್ರಹಿಸಬೇಕು.

ಉ) ಶಿಬಿರದ ದಿನದ ಬೋಧನೆ: ಸಾಧನ ಹಸ್ತಾಂತರಿಸುವ ಮುನ್ನ ಬಳಸುವವರು ಅಥವಾ ಅವರ ಮನೆಯವರು ಬ್ಯಾಟರಿ ಹಾಕಿ, ತೆಗೆದು, ಅಚ್ಚನ್ನು ಕಿವಿಗೆ ಕೂರಿಸಿ ತೋರಿಸುವಂತೆ ಸಂಘಟಕರನ್ನು ಕೋರಬೇಕು. ಭಾವಚಿತ್ರ ತೆಗೆಯುವ ಸಮಯಕ್ಕಿಂತ ಈ ಹತ್ತು ನಿಮಿಷ ಮುಖ್ಯ.

ಊ) ಜಾಗೃತಿ: ಪ್ರತಿ ವರ್ಷ ಮಾರ್ಚ್ 3 ವಿಶ್ವ ಶ್ರವಣ ದಿನ. ಆ ವಾರದಲ್ಲಿ ಎಲ್ಲ ಬಳಕೆದಾರರನ್ನೂ ಒಂದೆಡೆ ಸೇರಿಸಿ ಸಾಧನಗಳ ಶುಚಿಗೊಳಿಸುವಿಕೆ ಮತ್ತು ಪರಿಶೀಲನೆ ನಡೆಸಬಹುದು.

10. ಸಾಮಾನ್ಯ ಸಭೆಗೆ ಮಾದರಿ ನಿರ್ಣಯ

"ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ವಿತರಣೆಯಾಗಿರುವ ಶ್ರವಣ ಸಾಧನಗಳ ವಹಿಯನ್ನು 30 ದಿನಗಳೊಳಗೆ ಸಿದ್ಧಪಡಿಸಲು, ಪ್ರತಿ ತಿಂಗಳು ಮನೆಭೇಟಿಯ ವರದಿಯನ್ನು ಸಾಮಾಜಿಕ ನ್ಯಾಯ ಸಮಿತಿಯ ಮುಂದೆ ಮಂಡಿಸಲು, ಅಗತ್ಯ ಬ್ಯಾಟರಿ ಹಾಗೂ ಬಿಡಿಭಾಗಗಳ ಪೂರೈಕೆಗೆ ಮಾರ್ಗಸೂಚಿಯಂತೆ ಅನುದಾನ ಒದಗಿಸುವ ಪ್ರಸ್ತಾವನೆಯನ್ನು ಮುಂದಿನ ಸಭೆಗೆ ತರಲು ಸಭೆಯು ತೀರ್ಮಾನಿಸಿತು."

11. ಚರ್ಚೆಗೆ ಪ್ರಶ್ನೆಗಳು

(1) ತಮ್ಮ ವಾರ್ಡಿನಲ್ಲಿ ಶ್ರವಣ ಸಾಧನ ಪಡೆದವರು ಎಷ್ಟು ಮಂದಿ? ಅವರಲ್ಲಿ ಇಂದು ಬೆಳಿಗ್ಗೆ ಸಾಧನ ಹಾಕಿಕೊಂಡವರು ಎಷ್ಟು ಮಂದಿ?

(2) ಹಾಕಿಕೊಳ್ಳದವರ ಕಾರಣಗಳಲ್ಲಿ ಬ್ಯಾಟರಿ, ಅಚ್ಚು, ತೇವ, ಅಭ್ಯಾಸದ ಕೊರತೆ, ನಿಜವಾದ ಯಂತ್ರದೋಷ ಇವು ತಲಾ ಎಷ್ಟು?

(3) ತಮ್ಮ ಊರಿನಿಂದ ಬ್ಯಾಟರಿ ದೊರೆಯುವ ಹತ್ತಿರದ ಸ್ಥಳ ಯಾವುದು? ಅಲ್ಲಿಗೆ ಹೋಗಿಬರುವ ಬಸ್ ವೆಚ್ಚಕ್ಕೂ ಬ್ಯಾಟರಿಯ ಬೆಲೆಗೂ ಇರುವ ವ್ಯತ್ಯಾಸವೆಷ್ಟು?

(4) ಸಾಧನ ಬಳಸುವ ಪ್ರತಿ ಮಗುವಿನ ದಿನನಿತ್ಯದ ಪರೀಕ್ಷೆ ಮಾಡುವವರು ಯಾರೆಂದು ನಿಗದಿಯಾಗಿದೆಯೇ?

ಸದಸ್ಯರು ಈ ಪ್ರಶ್ನೆಗಳಿಗೆ ತಮ್ಮ ವಾರ್ಡಿನ ಮನೆಗಳಿಗೆ ಹೋಗಿಯೇ ಉತ್ತರ ಸಂಗ್ರಹಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು.